ರಾಯಚೂರಿನಿಂದ ದೆಹಲಿಗೆ ನೇರ ದೂರ ಎಷ್ಟು? ಈ ಲೆಕ್ಕಕ್ಕೆ ಬದುಕು ಸವೆಸಿದ ವಿಲಿಯಂ ಲ್ಯಾಂಬ್ಟನ್

ರಾಯಚೂರಿನಿಂದ ದೆಹಲಿಗೆ ಆಕಾಶದಲ್ಲಿ ಎಷ್ಟು ದೂರ ಎಂದು ತಿಳಿಯಲು ಕಾಗದ, ಪೆನ್ನು ಸಾಕು. ಎರಡೂ ಊರುಗಳು ಹೆಚ್ಚುಕಡಿಮೆ ಒಂದೇ ರೇಖಾಂಶದ ಮೇಲಿವೆ. ರಾಯಚೂರಿನ ಅಕ್ಷಾಂಶ 16.2 ಡಿಗ್ರಿ, ದೆಹಲಿಯದು 28.6. ವ್ಯತ್ಯಾಸ 12.4 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ಹಿಡಿದರೆ 1,375 ಕಿ.ಮೀ. ಆಸುಪಾಸು. ಮಾನ್ವಿಗಿಂತ ದೇವದುರ್ಗ ಅರ್ಧ ಡಿಗ್ರಿಗೂ ಕಡಿಮೆ ಉತ್ತರಕ್ಕಿದೆ, ಹಾಗಾಗಿ ಅವೆರಡರ ನೇರ ದೂರ 55 ಕಿ.ಮೀ. ದಾಟುವುದಿಲ್ಲ.

ದೂರವನ್ನು ವೇಗದಿಂದ ಭಾಗಿಸಿದರೆ ಪ್ರಯಾಣದ ಸಮಯ ಸಿಗುತ್ತದೆ ಎಂಬುದು ಮಾತ್ರ ತಪ್ಪು ತಿಳಿವಳಿಕೆ. ನಮ್ಮ ಕಡೆಯವರು ವಿಮಾನ ಹತ್ತುವ ಹೈದರಾಬಾದಿನಿಂದ ದೆಹಲಿ ಸುಮಾರು 1,250 ಕಿ.ಮೀ. ಗಂಟೆಗೆ 800 ಕಿ.ಮೀ. ವೇಗದಲ್ಲಿ ಒಂದೂವರೆ ಗಂಟೆ ಸಾಕು, ಆದರೆ ಟಿಕೆಟ್‌ನಲ್ಲಿ ಎರಡು ಗಂಟೆಗೂ ಹೆಚ್ಚಿರುತ್ತದೆ. ರನ್‌ವೇಗೆ ಸಾಗುವುದು, ಮೇಲೇರುವುದು, ಇಳಿಯಲು ಸರದಿ ಕಾಯುವುದು ಎಲ್ಲವೂ ಅದರಲ್ಲಿ ಸೇರಿವೆ.

ಆ 111 ಎಲ್ಲಿಂದ ಬಂತು? ನಮ್ಮ ನೆಲದಲ್ಲಿ ಅದನ್ನು ಅಳೆದವರು ವಿಲಿಯಂ ಲ್ಯಾಂಬ್ಟನ್. 1753ರ ಸುಮಾರಿಗೆ ಇಂಗ್ಲೆಂಡಿನ ಯಾರ್ಕ್‌ಷೈರಿನ ಬಡ ಕುಟುಂಬದಲ್ಲಿ ಹುಟ್ಟಿದ ಅವರು ಸೈನ್ಯ ಸೇರಿ, ವರ್ಷಗಟ್ಟಲೆ ಅಮೆರಿಕ ಖಂಡದಲ್ಲಿದ್ದರು. ಅಲ್ಲಿ ಕಪ್ಪು ಗಾಜಿಲ್ಲದೆ ಸೂರ್ಯಗ್ರಹಣ ನೋಡಿ ಒಂದು ಕಣ್ಣಿನ ದೃಷ್ಟಿ ಕೆಡಿಸಿಕೊಂಡರು. (ಗ್ರಹಣದ ಹೊತ್ತಿನಲ್ಲಿ ಊಟ ಮಾಡಿದರೆ ಏನೂ ಆಗದು, ಸೂರ್ಯನನ್ನು ನೇರವಾಗಿ ನೋಡಿದರೆ ಆಗುತ್ತದೆ.) ಮುಂದೆ ಭಾರತಕ್ಕೆ ಬಂದರು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಇರುಳಲ್ಲಿ ದಾರಿ ತಪ್ಪಿ ಟಿಪ್ಪುವಿನ ಸೇನೆಯತ್ತ ಹೊರಟಿದ್ದ ಬ್ರಿಟಿಷ್ ತುಕಡಿಗೆ ನಕ್ಷತ್ರ ನೋಡಿ ದಿಕ್ಕು ಹೇಳಿದವರು ಇವರೇ.

1802ರ ಏಪ್ರಿಲ್‌ನಲ್ಲಿ ಮದ್ರಾಸಿನಲ್ಲಿ ಅಳತೆ ಶುರುವಾಯಿತು. ಸುಮಾರು ಏಳೂವರೆ ಮೈಲಿಯ ಒಂದು ಗೆರೆಯನ್ನು ಉಕ್ಕಿನ ಸರಪಳಿಯಿಂದ ಅಳೆದರು. ಆಮೇಲೆ ಬೆಟ್ಟ, ಗೋಪುರಗಳ ಮೇಲಿಂದ ಕೋನಗಳನ್ನಷ್ಟೇ ಅಳೆದು ತ್ರಿಕೋನಗಳ ಸಾಲು ಹೆಣೆದರು. ಒಂದು ಬದಿ, ಎರಡು ಕೋನ ಗೊತ್ತಿದ್ದರೆ ಉಳಿದದ್ದು ಶಾಲೆಯ ಗಣಿತ. 1804ರಲ್ಲಿ ಬೆಂಗಳೂರಿನಲ್ಲಿ ಮತ್ತೆ ಸರಪಳಿ ಹಾಸಿ ನೋಡಿದಾಗ ಲೆಕ್ಕಕ್ಕೂ ಅಳತೆಗೂ ಕೆಲವೇ ಅಂಗುಲಗಳ ವ್ಯತ್ಯಾಸವಿತ್ತು. ಮದ್ರಾಸಿನಿಂದ ಮಂಗಳೂರಿಗೆ 400 ಮೈಲಿ ಎಂದು ತೋರಿಸುತ್ತಿದ್ದ ನಕ್ಷೆಗಳು ತಪ್ಪು, ಇರುವುದು 360 ಎಂದೂ ಗೊತ್ತಾಯಿತು. ಒಂದೇಟಿಗೆ 40 ಮೈಲಿ ಮಾಯ!

ಕೋನ ಅಳೆಯುವ ಥಿಯೋಡೊಲೈಟ್ ಅರ್ಧ ಟನ್ ತೂಗುತ್ತಿತ್ತು. 1808ರಲ್ಲಿ ತಂಜಾವೂರಿನ ದೇವಸ್ಥಾನದ ಮೇಲಕ್ಕೆ ಎತ್ತುವಾಗ ಹಗ್ಗ ತುಂಡಾಗಿ ಅದು ಗೋಡೆಗೆ ಬಡಿದು ಸೊಟ್ಟಗಾಯಿತು. ಬೇರೊಂದು ಬರಲು ವರ್ಷಗಳೇ ಬೇಕು. ಲ್ಯಾಂಬ್ಟನ್ ಡೇರೆಯೊಳಗೆ ಕೂತು ಸುಮಾರು ಆರು ವಾರ ತಟ್ಟಿ, ಎಳೆದು ತಾವೇ ಸರಿಮಾಡಿದರು.

ಮುಂದೆ ತ್ರಿಕೋನಗಳು ಗುತ್ತಿ ದಾಟಿ, ತುಂಗಭದ್ರಾ, ಕೃಷ್ಣಾ ದಾಟಿ, 1815ರ ಹೊತ್ತಿಗೆ ಬೀದರ್ ಸಮೀಪಕ್ಕೆ ಬಂದವು. ಅವರ ಮುಖ್ಯ ಗೆರೆ ರಾಯಚೂರಿನಿಂದ ಪೂರ್ವಕ್ಕೆ ಸುಮಾರು 35 ಕಿ.ಮೀ. ದೂರದಲ್ಲಿ ಹಾದುಹೋಗುತ್ತದೆ. ಕನ್ಯಾಕುಮಾರಿ ಕಡೆಯಿಂದ ಬೀದರ್‌ವರೆಗೆ ಸುಮಾರು 10 ಡಿಗ್ರಿ ಅಳೆದಾಗಿತ್ತು. ಡಿಗ್ರಿಯ ಉದ್ದ ಎಲ್ಲೆಡೆ ಒಂದೇ ಅಲ್ಲ: ಸಮಭಾಜಕದ ಬಳಿ 110.6 ಕಿ.ಮೀ., ಧ್ರುವದ ಬಳಿ 111.7. ಭೂಮಿ ಧ್ರುವಗಳಲ್ಲಿ ತುಸು ಚಪ್ಪಟೆಯಾಗಿರುವುದೇ ಕಾರಣ.

ಈ ಕೆಲಸಕ್ಕೆ ಜೀವಗಳೂ ಹೋದವು. 1819ರಲ್ಲಿ ಕೃಷ್ಣಾ-ಗೋದಾವರಿ ನಡುವಿನ ಕಾಡಿನಲ್ಲಿ ಸಹಾಯಕ ಜಾರ್ಜ್ ಎವರೆಸ್ಟ್ ಮತ್ತು ಅವರ ತಂಡದ ಬಹುಪಾಲು ಜನ ಜ್ವರದಿಂದ ಮಲಗಿದರು. ಕೆಟ್ಟ ಗಾಳಿಯಿಂದ ಜ್ವರ ಬರುತ್ತದೆ ಎಂದು ನಂಬಿದ್ದ ಕಾಲ ಅದು. ಮಲೇರಿಯಾಕ್ಕೆ ಸೊಳ್ಳೆಯ ನಂಟು ಸಿಕ್ಕಿದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ, ರೊನಾಲ್ಡ್ ರಾಸ್ ಅವರಿಗೆ.

ಲ್ಯಾಂಬ್ಟನ್ 70ರ ಆಸುಪಾಸಿನಲ್ಲೂ ಕೆಲಸ ಬಿಡಲಿಲ್ಲ. ನಾಗಪುರದತ್ತ ಹೊರಟಿದ್ದಾಗ, 1823ರ ಜನವರಿ 20ರಂದು ಹಿಂಗಣಘಾಟ್‌ನಲ್ಲಿ ತೀರಿಕೊಂಡರು. ಅಳತೆಯನ್ನು ಹಿಮಾಲಯದ ತಪ್ಪಲಿಗೆ ಮುಟ್ಟಿಸಿದ ಎವರೆಸ್ಟ್ ಹೆಸರು 1865ರಲ್ಲಿ ಶಿಖರಕ್ಕೆ ಸಿಕ್ಕಿತು. ಲ್ಯಾಂಬ್ಟನ್ ಸಮಾಧಿ ಹಿಂಗಣಘಾಟ್‌ನಲ್ಲಿಯೇ ಇದೆ.