ಉಚಿತ ಶಾಲೆಗಾಗಿ ಎದ್ದು ನಿಂತ ಶಾಸಕ

ಥ್ಯಾಡಿಯಸ್ ಸ್ಟೀವನ್ಸ್ ಎಂಬ ಹೆಸರನ್ನು ನೀವು ಕೇಳಿದ್ದೀರಾ? 1792ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ಬಡ ಕುಟುಂಬವೊಂದರಲ್ಲಿ ಹುಟ್ಟಿದ ಅವರ ಒಂದು ಪಾದ ಹುಟ್ಟಿನಿಂದಲೇ ಊನವಾಗಿತ್ತು. ತಂದೆ ಮನೆ ಬಿಟ್ಟು ಹೋದರು. ತಾಯಿ ಸಾರಾ ದುಡಿದು ಮಗನನ್ನು ಓದಿಸಿದರು. ಮಗ ವಕೀಲರಾಗಿ, 1833ರಲ್ಲಿ ಪೆನ್ಸಿಲ್ವೇನಿಯಾ ರಾಜ್ಯದ ಶಾಸಕರಾದರು.

ಆ ರಾಜ್ಯದಲ್ಲಿ ಆಗ ಬಡವರೆಂದು ಹೆಸರು ಬರೆಸಿದವರ ಮಕ್ಕಳಿಗೆ ಮಾತ್ರ ಸಾರ್ವಜನಿಕ ಹಣದಿಂದ ಫೀಸು ಕಟ್ಟಲಾಗುತ್ತಿತ್ತು. ಆ ಅವಮಾನಕ್ಕೆ ಅಂಜಿ ಎಷ್ಟೋ ಪಾಲಕರು ಮಕ್ಕಳನ್ನು ಶಾಲೆಗೇ ಕಳುಹಿಸುತ್ತಿರಲಿಲ್ಲ. 1834ರಲ್ಲಿ ಎಲ್ಲರಿಗೂ ಉಚಿತ ಶಾಲೆಯ ಕಾನೂನು ಬಂತು. ಆದರೆ ತೆರಿಗೆ ಕಟ್ಟಬೇಕಲ್ಲ! ಜನ ಸಿಟ್ಟಾದರು. ಮರುವರ್ಷವೇ ಸೆನೆಟ್ ಅದನ್ನು ರದ್ದುಗೊಳಿಸಲು ಒಪ್ಪಿತು. ಸ್ಟೀವನ್ಸರ ಸ್ವಂತ ಕ್ಷೇತ್ರದಲ್ಲೂ ವಿರೋಧ ಜೋರಾಗಿತ್ತು. ಮುಂದಿನ ಚುನಾವಣೆಗೆ ಹೆದರುವವರಾಗಿದ್ದರೆ ಸುಮ್ಮನಿರುತ್ತಿದ್ದರು. 1835ರ ಏಪ್ರಿಲ್ 11ರಂದು ಕೆಳಮನೆಯಲ್ಲಿ ಎದ್ದು, ಅಪರಾಧ ಮಾಡದವರೂ ಜೈಲಿನ ಖರ್ಚಿಗೆ ತೆರಿಗೆ ಕೊಡುತ್ತಿರುವಾಗ ಶಾಲೆಗೆ ಕೊಡಲು ಏಕೆ ಹಿಂಜರಿಕೆ ಎಂದು ವಾದಿಸಿದರು. (ಅವರಿಗೆ ಮದುವೆಯೇ ಆಗಿರಲಿಲ್ಲ ಎಂಬುದನ್ನು ಗಮನಿಸಿ.) ಕೆಳಮನೆ ಅವರ ಮಾತಿಗೆ ಒಲಿಯಿತು, ಕಾನೂನು ಉಳಿಯಿತು.

ಮುಂದೆ ಅವರು ರಾಷ್ಟ್ರದ ಸಂಸತ್ತಿಗೆ ಹೋಗಿ ಗುಲಾಮಗಿರಿಯ ವಿರುದ್ಧ ಹೋರಾಡಿದರು. 1868ರಲ್ಲಿ ತೀರಿಕೊಂಡರು. ಕರಿಯರಿಗೆ ಜಾಗ ಕೊಡದ ಸ್ಮಶಾನಗಳನ್ನು ಒಲ್ಲೆನೆಂದ ಅವರ ಸಮಾಧಿ ಲ್ಯಾಂಕಾಸ್ಟರ್ ಪಟ್ಟಣದ ಪುಟ್ಟ ಸ್ಮಶಾನವೊಂದರಲ್ಲಿದೆ.