ಶಾಫ್ಟ್ಸ್‌ಬರಿ ಪ್ರಭುವೂ ಹೊಗೆಗೂಡಿನ ಹುಡುಗರೂ

ಶಾಫ್ಟ್ಸ್‌ಬರಿಯ ಏಳನೆಯ ಅರ್ಲ್ ಎಂದು ಪ್ರಖ್ಯಾತನಾದ ಆಂತೋನಿ ಆಷ್ಲಿ ಕೂಪರನು 1801ನೆಯ ಇಸವಿ ಏಪ್ರಿಲ್ 28ರಂದು ಲಂಡನ್ ನಗರದಲ್ಲಿ ಜನಿಸಿದನು. ಮನೆಯಲ್ಲಿ ಐಶ್ವರ್ಯವು ಬೇಕಾದಷ್ಟಿದ್ದರೂ ತಾಯಿತಂದೆಗಳ ಪ್ರೀತಿಯು ಆ ಕೂಸಿಗೆ ದೊರೆಯಲಿಲ್ಲ. ಮರಿಯಾ ಮಿಲ್ಲಿಸ್ ಎಂಬ ಸೇವಕಿಯೇ ಅವನನ್ನು ಬಳಿಗೆ ಕರೆದು ಪ್ರಾರ್ಥನೆಯನ್ನು ಕಲಿಸಿದಳು. ಅವಳು ಬಿಟ್ಟುಹೋದ ಚಿನ್ನದ ಗಡಿಯಾರವನ್ನು ಅವನು ಮುಪ್ಪಿನವರೆಗೂ ಧರಿಸುತ್ತಿದ್ದನು. ಅವನು ಕಲಿತ ದೊಡ್ಡ ಶಾಲೆಗಿಂತಲೂ ಈ ಸೇವಕಿಯ ಮಮತೆಯೇ ಅವನನ್ನು ಹೆಚ್ಚು ತಿದ್ದಿತೆಂದು ಹೇಳಲು ಉಪಾಧ್ಯಾಯಿನಿಯಾದ ನನಗೆ ಸಂಕೋಚವಿಲ್ಲ.

1826ರಲ್ಲಿ ಅವನು ಪಾರ್ಲಿಮೆಂಟನ್ನು ಸೇರಿದನು. 1842ರ ಗಣಿಗಳ ಕಾನೂನೂ 1847ರ ಹತ್ತು ಗಂಟೆಗಳ ಕಾನೂನೂ ಚರಿತ್ರೆಯ ಪುಸ್ತಕಗಳಲ್ಲಿ ಇದ್ದೇ ಇರುವುವು. ಅವನನ್ನು ಬಹುಕಾಲ ದಣಿಸಿದ ಹೋರಾಟವು ಬೇರೊಂದು.

ಆ ದೇಶದ ಮನೆಗಳಲ್ಲಿ ಕಲ್ಲಿದ್ದಲಿನ ಹೊಗೆಯು ಗೋಡೆಯೊಳಗಿನ ಇಕ್ಕಟ್ಟಾದ ಹೊಗೆಗೂಡುಗಳ ಮೂಲಕ ಮೇಲೇರುತ್ತಿತ್ತು. ಅವುಗಳಲ್ಲಿ ಕಟ್ಟಿದ ಮಸಿಯನ್ನು ಕೆರೆಯಲು ಬಡವರ ಮಕ್ಕಳನ್ನು ಹತ್ತಿಸುತ್ತಿದ್ದರು. ಐದಾರು ವರುಷದವರೂ ಅವರಲ್ಲಿದ್ದರು. ಮೊಣಕೈ ಮೊಣಕಾಲುಗಳ ಚರ್ಮವು ಗಡುಸಾಗಲೆಂದು ಉಪ್ಪುನೀರನ್ನು ತಿಕ್ಕಿ ಬೆಂಕಿಯ ಬಳಿ ನಿಲ್ಲಿಸುವರು. ಕೆಲವರು ಒಳಗೇ ಸಿಕ್ಕಿ ಉಸಿರುಕಟ್ಟಿ ಸಾಯುವರು. ಮಸಿಯಿಂದ ಅರ್ಬುದ ರೋಗವು ಬರುವುದೆಂದು ಪರ್ಸಿವಲ್ ಪಾಟ್ ಎಂಬ ವೈದ್ಯನು 1775ರಲ್ಲಿಯೇ ಬರೆದಿದ್ದನು.

ಉದ್ದ ಕೋಲಿನ ಕುಂಚದ ಯಂತ್ರವು 1803ರಲ್ಲಿಯೇ ಬಂದಿತ್ತು. ಹಾಗಾದರೆ ಮಕ್ಕಳೇಕೆ? ಹಳೆಯ ಬಂಗಲೆಗಳ ಡೊಂಕು ಹೊಗೆಗೂಡುಗಳಲ್ಲಿ ಯಂತ್ರವು ಹೋಗದು, ಅವನ್ನು ತಿದ್ದಲು ವೆಚ್ಚವಾಗುವುದು, ತಿದ್ದದಿದ್ದರೆ ಮನೆಗೆ ಬೆಂಕಿ ಬೀಳುವುದು ಎಂದು ಪ್ರಭುಗಳ ಸಭೆಯಲ್ಲಿ ವಾದಿಸಿದರು. ಯಂತ್ರದಿಂದ ಜಮಖಾನೆಗಳು ಕೊಳೆಯಾಗುವುವೆಂದು ಗೃಹಿಣಿಯರೂ ಹುಡುಗರನ್ನೇ ಕೇಳುತ್ತಿದ್ದರು. ಸ್ತ್ರೀಯರಾದ ನಮಗೆ ಇದನ್ನು ಓದಲು ನಾಚಿಕೆಯಾಗುವುದು.

1840ರ ಕಾನೂನು ಇಪ್ಪತ್ತೊಂದು ವರುಷ ತುಂಬದವರು ಹೊಗೆಗೂಡನ್ನು ಹತ್ತಬಾರದೆಂದು ವಿಧಿಸಿತು. ಆ ವರುಷವೇ ಪ್ರಭುವು ತನ್ನ ಮನೆಯ ಹಿಂದೆಯೇ ಇಂಥ ಒಬ್ಬ ಹುಡುಗನನ್ನು ಕಂಡು, ಬಿಡಿಸಿ, ಶಾಲೆಗೆ ಕಳುಹಿಸಿದನು. ಆದರೆ ಕಾನೂನನ್ನು ನಡೆಯಿಸುವವರು ಯಾರು? ದಂಡ ವಿಧಿಸಬೇಕಾದ ನ್ಯಾಯಾಧಿಪತಿಗಳ ಮನೆಗಳಿಗೂ ಹೊಗೆಗೂಡುಗಳಿದ್ದುವಷ್ಟೆ! 1851ರಿಂದ 1855ರೊಳಗೆ ಅವನು ತಂದ ಮಸೂದೆಗಳು ಒಂದಾದ ಮೇಲೊಂದು ಬಿದ್ದುಹೋದುವು. 1864ರ ಕಾನೂನು ಅಂಗೀಕಾರವಾಯಿತು. ಫಲವು ಮಾತ್ರ ಕಾಣಲಿಲ್ಲ.

1875ರಲ್ಲಿ ಕೇಂಬ್ರಿಜ್ ಬಳಿಯ ಆಸ್ಪತ್ರೆಯೊಂದರ ಹೊಗೆಗೂಡಿನಲ್ಲಿ ಜಾರ್ಜ್ ಬ್ರೂಸ್ಟರ್ ಎಂಬ ಬಾಲಕನು ಸಿಕ್ಕಿಕೊಂಡನು. ಗೋಡೆಯನ್ನೊಡೆದು ಹೊರಗೆ ತೆಗೆದರೂ ಅವನು ಉಳಿಯಲಿಲ್ಲ. ಅವನ ಯಜಮಾನನಿಗೆ ಆರು ತಿಂಗಳ ಕಠಿಣ ಶಿಕ್ಷೆಯಾಯಿತು. ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿದ್ದ ಪ್ರಭುವು ಮತ್ತೆ ಮಸೂದೆಯನ್ನು ತಂದನು. ಈ ಸಲ ಹೊಗೆಗೂಡು ಗುಡಿಸುವವರೆಲ್ಲರೂ ವರುಷವರುಷವೂ ಪೊಲೀಸರಿಂದ ಪರವಾನಗಿ ಪಡೆಯಬೇಕೆಂದು ಕಟ್ಟುಮಾಡಲಾಯಿತು. ತಪ್ಪಿದವನ ಪರವಾನಗಿಗೇ ಅಪಾಯವಿದ್ದುದರಿಂದ, ಬರಿಯ ದಂಡಕ್ಕೆ ಹೆದರದಿದ್ದವರೂ ಹೆದರಿದರು. ಹುಡುಗರನ್ನು ಹತ್ತಿಸುವ ಪದ್ಧತಿಯು ನಿಂತಿತು.

ಪ್ರಭುವು 1885ನೆಯ ಇಸವಿ ಅಕ್ಟೋಬರ್ 1ರಂದು ತೀರಿಕೊಂಡನು. ವೆಸ್ಟ್‌ಮಿನ್ಸ್ಟರ್ ದೇವಾಲಯದಲ್ಲಿ ಆರಾಧನೆ ನಡೆದ ದಿನ ಲಂಡನ್ನಿನ ಬಡಜನರು ಬೀದಿಯ ಎರಡು ಬದಿಗಳಲ್ಲಿಯೂ ಕಿಕ್ಕಿರಿದು ನಿಂತಿದ್ದರು. ದೇಹವನ್ನು ಮಾತ್ರ ಅವನ ಹಳ್ಳಿಯಲ್ಲಿ ಹೂಳಿದರು.