ಗುಬ್ಬಿ ವೀರಣ್ಣ

ಗುಬ್ಬಿ ಹಂಪಣ್ಣ ವೀರಣ್ಣ (24 ಜನವರಿ 1891 – 18 ಅಕ್ಟೋಬರ್ 1972) ಕನ್ನಡ ವೃತ್ತಿ ರಂಗಭೂಮಿಯ ನಟರು, ನಾಟಕ ಕಂಪನಿಯ ಒಡೆಯರು ಹಾಗೂ ಚಲನಚಿತ್ರ ನಿರ್ಮಾಪಕರು. ತುಮಕೂರು ಜಿಲ್ಲೆಯ ಗುಬ್ಬಿಯಲ್ಲಿ ಹುಟ್ಟಿದ ನಾಟಕ ಮಂಡಳಿಯೊಂದನ್ನು ಇವರು ಅದ್ದೂರಿ ರಂಗಸಜ್ಜಿಕೆಗೆ ಹೆಸರಾದ ದೊಡ್ಡ ಸಂಸ್ಥೆಯಾಗಿ ಬೆಳೆಸಿದರು.

ರಂಗಪ್ರವೇಶ

ಗುಬ್ಬಿಯ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ 1884ರಲ್ಲಿ ಆರಂಭವಾಯಿತು. ವೀರಣ್ಣನವರು ಬಾಲನಟರಾಗಿ ಅದನ್ನು ಸೇರಿ, 1917ರಲ್ಲಿ ಅದರ ಒಡೆತನ ವಹಿಸಿಕೊಂಡರು. ಹಾಸ್ಯ ಪಾತ್ರಗಳಲ್ಲಿ ಇವರದು ಎತ್ತಿದ ಕೈ. 'ಸದಾರಮೆ' ನಾಟಕದ ಕಳ್ಳನ ಪಾತ್ರ ಇವರಿಗೆ ವಿಶೇಷ ಖ್ಯಾತಿ ತಂದಿತು. ತುಮಕೂರು ಸೀಮೆಯವರೇ ಆದ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಕಂಪನಿಯ ಪ್ರಮುಖ ನಾಟಕಕಾರರಲ್ಲಿ ಒಬ್ಬರು.

ಪರದೆ ಮತ್ತು ರಂಗಸಜ್ಜಿಕೆ

ಬಟ್ಟೆಯ ಮೇಲೆ ದೂರ–ಸಮೀಪಗಳ ಭ್ರಮೆ ಹುಟ್ಟಿಸುವ ಚಿತ್ರಪರದೆಯ ಪದ್ಧತಿ ಯುರೋಪಿನ ಆಪೆರಾ ಮಂದಿರಗಳಲ್ಲಿ ಬೆಳೆದದ್ದು. ಬ್ರಿಟಿಷರ ರಂಗಮಂದಿರಗಳ ಮೂಲಕ ಅದು ಮುಂಬಯಿಗೆ ಬಂದು, ಪಾರ್ಸಿ ಕಂಪನಿಗಳ ಕೈಯಲ್ಲಿ ಭಾರತೀಯ ರೂಪ ಪಡೆಯಿತು. ಕನ್ನಡದ ಕಂಪನಿಗಳು ಇದನ್ನು ಅಳವಡಿಸಿಕೊಂಡವು. ಅರಮನೆ, ಕಾಡು, ಬೀದಿ ಹೀಗೆ ಒಂದೊಂದು ಸ್ಥಳಕ್ಕೆ ಒಂದೊಂದು ಪರದೆ. ಇಕ್ಕೆಲಗಳಲ್ಲಿ ಸಾಲಾಗಿ ಸೈಡ್‌ವಿಂಗುಗಳು. ಇವೆಲ್ಲ ಒಟ್ಟುಗೂಡಿದಾಗ ಒಂದೇ ಚಿತ್ರವಾಗಿ ಕಾಣುತ್ತಿದ್ದವು.

ಮುಂದಿನ ಬೀದಿ ಪರದೆಯ ಎದುರು ಹಾಸ್ಯದೃಶ್ಯ ನಡೆಯುವಾಗ ಹಿಂದೆ ದರ್ಬಾರಿನ ದೃಶ್ಯ ಸಿದ್ಧವಾಗುತ್ತಿತ್ತು. ಆದುದರಿಂದ ಅದ್ದೂರಿ ದೃಶ್ಯಗಳ ನಡುವಿನ ಅವಧಿಯನ್ನು ಬರಿಯ ಮಾತು–ಅಭಿನಯಗಳಿಂದ ತುಂಬಬಲ್ಲ ನಟರೂ ಪರದೆಗಳಷ್ಟೇ ಅಗತ್ಯವಾಗಿದ್ದರು. ಸ್ವತಃ ಹಾಸ್ಯನಟರಾಗಿದ್ದ ವೀರಣ್ಣನವರ ಕಂಪನಿಯಲ್ಲಿ ಈ ಎರಡೂ ಕೂಡಿಬಂದವು. ವಿದ್ಯುತ್ ದೀಪಗಳಿಗಾಗಿ ಡೈನಮೊ ಬಳಸಿದ್ದು, ಸ್ತ್ರೀಪಾತ್ರಗಳಿಗೆ ನಟಿಯರನ್ನೇ ತಂದದ್ದು ಕಂಪನಿಯ ಇತರ ಸಾಧನೆಗಳು.

ಕುರುಕ್ಷೇತ್ರ

1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ 'ಸತಿ ಸುಲೋಚನಾ' ತೆರೆಕಂಡಿತು. ಅದೇ ವರ್ಷ ಕಂಪನಿಯು ಬಿ. ಪುಟ್ಟಸ್ವಾಮಯ್ಯನವರ 'ಕುರುಕ್ಷೇತ್ರ'ವನ್ನು ಪ್ರಯೋಗಿಸಿತು. ನಿಜವಾದ ಆನೆ, ಕುದುರೆ, ರಥಗಳು ರಂಗಕ್ಕೆ ಬಂದ ಈ ನಾಟಕ ಕನ್ನಡ ರಂಗಸಜ್ಜಿಕೆಯ ಅತ್ಯಂತ ಅದ್ದೂರಿ ಪ್ರಯೋಗಗಳಲ್ಲಿ ಒಂದೆಂದು ಹೆಸರಾಯಿತು. ಇಂಥ ವೈಭವಕ್ಕೆ ತೆರಬೇಕಾದ ಬೆಲೆಯೂ ದೊಡ್ಡದೇ. ನಟರು, ವಾದ್ಯದವರು, ಪರದೆ ಎಳೆಯುವವರು, ಅಡುಗೆಯವರು ಎಲ್ಲರನ್ನೂ ಊರಿಂದೂರಿಗೆ ಸಾಗಿಸಿ ಸಾಕಬೇಕಿದ್ದ ವೃತ್ತಿ ಕಂಪನಿಗಳಿಗೆ ಟಿಕೆಟ್ಟಿನ ಹಣವೇ ಆಧಾರ. ಪ್ರೇಕ್ಷಕರು ಸಿನಿಮಾದತ್ತ ತಿರುಗಿದಂತೆ ಆ ಆಧಾರ ಕುಸಿಯತೊಡಗಿತು.

ಚಲನಚಿತ್ರ

ವೀರಣ್ಣನವರು ಸಿನಿಮಾವನ್ನು ದೂರವಿಡಲಿಲ್ಲ. ಮೂಕಿಚಿತ್ರಗಳ ಕಾಲದಲ್ಲೇ ನಿರ್ಮಾಣಕ್ಕೆ ಇಳಿದ ಇವರು 'ಸದಾರಮೆ' (1935), 'ಜೀವನ ನಾಟಕ' (1942), 'ಹೇಮರೆಡ್ಡಿ ಮಲ್ಲಮ್ಮ' (1946) ಚಿತ್ರಗಳಲ್ಲಿ ತೊಡಗಿಸಿಕೊಂಡರು. ಇವರ ಸಂಸ್ಥೆಯ ಸಹಭಾಗಿತ್ವದಲ್ಲಿ ತಯಾರಾದ 'ಬೇಡರ ಕಣ್ಣಪ್ಪ' (1954) ಚಿತ್ರದಿಂದ ರಾಜಕುಮಾರ್ ನಾಯಕನಟರಾದರು. ರಾಜಕುಮಾರ್ ಮತ್ತು ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ಇಬ್ಬರೂ ಗುಬ್ಬಿ ಕಂಪನಿಯಲ್ಲಿ ಪಳಗಿದವರು.

ಪರಂಪರೆ

ಬಾಲಕನಾಗಿ ಕಂಪನಿ ಸೇರಿದ ಬಿ. ವಿ. ಕಾರಂತರನ್ನು ವೀರಣ್ಣನವರು ಉನ್ನತ ವ್ಯಾಸಂಗಕ್ಕಾಗಿ ಕಾಶಿಗೆ ಕಳುಹಿಸಿದರು. ಚಿತ್ರಪರದೆಗಳ ಹಂಗು ತೊರೆದ ಆಧುನಿಕ ರಂಗಭೂಮಿಯಲ್ಲಿ ಕಾರಂತರು ಪ್ರಮುಖ ನಿರ್ದೇಶಕರಾಗಿ ಬೆಳೆದರು. ಪತ್ನಿ ಬಿ. ಜಯಮ್ಮ ರಂಗಭೂಮಿ ಮತ್ತು ಚಿತ್ರರಂಗಗಳೆರಡರಲ್ಲೂ ಹೆಸರು ಮಾಡಿದರು. ಮೊಮ್ಮಗಳು ಬಿ. ಜಯಶ್ರೀ 'ಸದಾರಮೆ'ಯನ್ನು ಮತ್ತೆ ರಂಗಕ್ಕೆ ತಂದರು.

ಗೌರವಗಳು

ಮೈಸೂರು ಮಹಾರಾಜರಿಂದ 'ನಾಟಕರತ್ನ' ಬಿರುದು, 1955ರಲ್ಲಿ ಸಂಗೀತ ನಾಟಕ ಅಕಾಡೆಮಿ ಪ್ರಶಸ್ತಿ ಹಾಗೂ 1972ರಲ್ಲಿ ಪದ್ಮಶ್ರೀ ಇವರಿಗೆ ಸಂದವು. 'ಕಲೆಯೇ ಕಾಯಕ' ಇವರ ಆತ್ಮಕಥೆ. ಕರ್ನಾಟಕ ಸರ್ಕಾರವು ರಂಗಸಾಧಕರಿಗೆ ಇವರ ಹೆಸರಿನಲ್ಲಿ ಪ್ರಶಸ್ತಿ ನೀಡುತ್ತಿದೆ.